ಚಿಗರಿ ಬಯಲು, ಹಳೆ ಗುಮ್ಮಟ, ಸುರಂಗ ಬಾವಿ: ನಡುವೆ 18 ಹೋಲಿನ ಗಾಲ್ಫ್ ಕೋರ್ಸ್ ಬಂದ್ರ ಯಾರನ್ನ ಏನು ಕೇಳಬೇಕು?

ಮಾಂಜ್ರಾ_ದಂಡಿ
ಬೀದರ್ ತಾಲ್ಲೂಕಿನ ಒಂದು ಊರು, ಹೆಸರು ಸದ್ಯಕ್ಕ ಬ್ಯಾಡ. ಊರ ಮ್ಯಾಲಿನ ಕೆಂಪು ನೆಲದ ಬಯಲಿನ್ಯಾಗ ಸುಮಾರು 140 ಎಕರೆ ಖರೀದಿ ನಡದದ. ರೆಸಾರ್ಟ್, ವಿಲ್ಲಾ, 18 ಹೋಲಿನ ಗಾಲ್ಫ್ ಕೋರ್ಸ್ ಅಂತ ನಕಾಶೆ ಓಡಾಡ್ಲಿಕ್ಹತ್ಯದ. ಆ ಬಯಲಿನ್ಯಾಗ ಚಿಗರಿ (ಕೃಷ್ಣಮೃಗ) ಹಿಂಡು ಅವ. ಒಂದು ಅಂಚಿಗೆ ಗಾರೆ ಉದುರಿದ ಹಳೆ ಗುಮ್ಮಟ ಅದ, ಅದರ ಕೆಳಗ ಇಳಕಲಿನ್ಯಾಗ ಸಾಲಾಗಿ ಮೂರು ಹಳೆ ಬಾವಿ ಬಾಯಿ. ನೌಬಾದಿನ ಸುರಂಗ ಬಾವಿದಂಥಾವೇ ಕಾಣ್ತಾವ. ಗುಮ್ಮಟದ ಹತ್ರ ಯಾವ ಇಲಾಖೆ ಬೋರ್ಡೂ ಇಲ್ಲ.

ನನ್ನ ಪ್ರಶ್ನೆ: ಗುಮ್ಮಟದಿಂದ 100 ಮೀಟರ್ ಬಿಟ್ರ ಸಾಕು ಅಂತ ಖರೀದಿದಾರರ ಕಡೆಯವರು ಹೇಳ್ತಾರ. ಖರೇ ಏನು? ಚಿಗರಿ ಅವ ಅಂತ ಹೇಳಿದ್ರ ಕೆಲಸ ನಿಲ್ತದೇನು? ಬಾವಿ ವಿಚಾರ ಯಾರಿಗೆ ಹೇಳಬೇಕು?

ಸರ್ವೆ_ಕಲ್ಲು
ಮೊದಲು 100 ಮೀಟರಿನ ವಿಷಯ ಬಿಡಿಸಿಕೊಳ್ಳೋಣ. ಅದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ. 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಒಟ್ಟು 300. ಖರೀದಿದಾರರು ಎರಡನೆಯದನ್ನ ಹೇಳೋದೇ ಇಲ್ಲ. ನಿಯಂತ್ರಿತ ಪ್ರದೇಶದಲ್ಲಿ ಏನೇ ಕಟ್ಟಬೇಕಾದ್ರೂ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಅವರು 15 ದಿನದೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಅಲ್ಲಿಂದ ಎರಡು ತಿಂಗಳಲ್ಲಿ ಅಭಿಪ್ರಾಯ ಬರಬೇಕು. ಉಲ್ಲಂಘಿಸಿದ್ರೆ 2 ವರ್ಷದ ತನಕ ಜೈಲು ಅಥವಾ 1 ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ.

ಎರಡನೇ ಮಾತು, ಅಳತೆ ಎಲ್ಲಿಂದ? ಗುಮ್ಮಟದ ಗೋಡೆಯಿಂದಲ್ಲ. ಸಂರಕ್ಷಿತ ಪ್ರದೇಶದ ಗಡಿಯಿಂದ, ಎಲ್ಲಾ ದಿಕ್ಕಿಗೂ. ಸಂರಕ್ಷಿತ ಜಾಗ ಎರಡು ಎಕರೆ ಇದ್ರೆ ಆ ಎರಡು ಎಕರೆಯ ಅಂಚಿಂದ ಟೇಪು ಹಿಡೀಬೇಕು.

ಆದರೆ ಇದೆಲ್ಲಾ ಕೇಂದ್ರ ಸರ್ಕಾರದ ಪಟ್ಟಿಯಲ್ಲಿರೋ ಸ್ಮಾರಕಕ್ಕೆ ಮಾತ್ರ. ಇಡೀ ಕರ್ನಾಟಕದಲ್ಲಿ ಅಂಥವು ಐನೂರರ ಆಸುಪಾಸು. ರಾಜ್ಯದ ಪಟ್ಟಿ ಬೇರೆ, 1961ರ ರಾಜ್ಯ ಕಾಯ್ದೆ ಅಡಿ ಬರ್ತದೆ. ನಿಮ್ಮ ಗುಮ್ಮಟಕ್ಕೆ ಬೋರ್ಡೇ ಇಲ್ಲ ಅಂದ್ರೆ ಎರಡೂ ಪಟ್ಟಿಯಲ್ಲಿ ಇಲ್ಲದೆ ಇರಬಹುದು. ಆಗ ಕಾನೂನಿನ ಪ್ರಕಾರ 100 ಮೀಟರ್ ಅಲ್ಲ, 1 ಮೀಟರ್ ಕೂಡ ಇಲ್ಲ. ಆದ್ದರಿಂದ ಮೊದಲ ಕೆಲಸ: ಸರ್ವೆ ನಂಬರ್ ಹಿಡಿದು ಎರಡೂ ಪಟ್ಟಿ ನೋಡೋದು.

ಕಾಗಿಣಾ_ಹೊಳಿ
ಬೋರ್ಡ್ ಇಲ್ಲ ಅಂದಕೂಡ್ಲೆ ಪಟ್ಟಿಯೊಳಗಿಲ್ಲ ಅಂತ ತಿಳ್ಕೋಬ್ಯಾಡ್ರಿ. ಬೋರ್ಡ್ ಕಿತ್ತೊಯ್ದದ್ದು ಎಷ್ಟೋ ಕಡೆ ಅದ.

ಸರ್ವೆ_ಕಲ್ಲು
ಒಪ್ಪಿದೆ. ಅದಕ್ಕೇ ಬೋರ್ಡ್ ಅಲ್ಲ, ಪಟ್ಟಿ ನೋಡಿ ಅಂದೆ. ಜೊತೆಗೆ ಪಹಣಿಯ 3ನೇ ಕಾಲಂ ನೋಡಿ. ಖರಾಬು ಎ, ಖರಾಬು ಬಿ ಅಂತ ಬೇರೆಬೇರೆ ಬರೆದಿರ್ತಾರೆ. ಎ ಅಂದ್ರೆ ಸಾಗುವಳಿಗೆ ಬಾರದ ನೆಲ. ಬಿ ಅಂದ್ರೆ ಸಾರ್ವಜನಿಕ: ದಾರಿ, ಹಳ್ಳ, ಕೆರೆ, ಸ್ಮಶಾನ. ಹಳೆ ಗುಮ್ಮಟ, ಬಾವಿ ಬಾಯಿ ಬಹಳ ಸಲ ಬಿ ಖರಾಬಿನಲ್ಲೇ ಇರ್ತಾವೆ. ಹಾಗಿದ್ರೆ ಆ ತುಂಡನ್ನ ಯಾರೂ ಮಾರೋ ಹಂಗಿಲ್ಲ, ಖರೀದಿ ಪತ್ರದಲ್ಲಿ ಸೇರಿಸಿದ್ರೂ ಅದು ಅವರದಾಗಲ್ಲ. ನಮ್ಮ ಕಡೆ ಹಳೆ ಖಾಸ್ರಾ ಪಹಣಿ ಇದೆಯಲ್ಲ, 1954-55ರದ್ದು, ಅದರ ನಕಲು ತಹಶೀಲ್ದಾರ್ ಕಚೇರಿಯ ದಾಖಲೆ ಕೋಣೆಯಿಂದ ತಗೊಳ್ಳಿ. ಈಗಿನ ಪಹಣಿಯಲ್ಲಿ ಮಾಯವಾದ ಖರಾಬು ಅದರಲ್ಲಿ ಸಿಗೋದುಂಟು.

ನೌಕರಿ_ಬೇಕು
ಎಲ್ಲದಕ್ಕೂ ಅಡ್ಡ ಬರೋದೇ ಆಯ್ತಲ್ರಿ. ನಮ್ಮ ಭಾಗದ ಹುಡುಗರು ಹೈದರಾಬಾದು, ಪುಣೆ, ಮುಂಬೈ ಅಂತ ಗುಳೆ ಹೋಗ್ತಾರ. 140 ಎಕರೆ ಕಲ್ಲು ಬಯಲಿನ್ಯಾಗ ಏನು ಬೆಳೀತದ? ಗಾಲ್ಫ್ ಬಂದ್ರ ಹಸಿರಾದ್ರೂ ಆಗ್ತದ, ಹತ್ತು ಮಂದಿಗೆ ಕೆಲಸ ಸಿಗ್ತದ.

ಹುಲ್ಲುಬಯಲು
ಗುಳೆ ಹೋಗೋರ ಕಷ್ಟ ಖರೇ ಅದ, ಅದನ್ನ ಯಾರೂ ಇಲ್ಲ ಅನ್ನಂಗಿಲ್ಲ. ಆದ್ರ "ಕಲ್ಲು ಬಯಲು" ಅನ್ನೋದ್ರಾಗೇ ತಪ್ಪದ ಅಣ್ಣಾ. ಸರ್ಕಾರಿ ನಕಾಶೆಯೊಳಗೂ ಇಂಥಾ ಹುಲ್ಲುಗಾವಲಿಗೆ ಪಾಳು ಭೂಮಿ ಅಂತ ಬಣ್ಣ ಹಚ್ಚಿರ್ತಾರ. ಮಳೆ ಬಿದ್ದ ಮೂರು ವಾರಕ್ಕ ಅಲ್ಲಿ ಮೊಣಕಾಲುದ್ದ ಹುಲ್ಲು. ಊರಿನ ಕುರಿ, ದನ ದೀಪಾವಳಿತನ ಅಲ್ಲೇ ಮೇಯ್ತಾವ. ಆ ಮೇವಿನ ಲೆಕ್ಕ ಯಾರ ಕಾಗದದಾಗೂ ಇರಂಗಿಲ್ಲ.

ಇನ್ನ ಚಿಗರಿ ವಿಚಾರ. ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯೊಳಗದ. ಅಂದ್ರ ಕೊಲ್ಲೋದು, ಹಿಡಿಯೋದು ಅಪರಾಧ. ಆದ್ರ ಖಾಸಗಿ ಜಮೀನಿನ್ಯಾಗ ಅದು ಮೇಯ್ತದ ಅನ್ನೋ ಒಂದೇ ಕಾರಣಕ್ಕ ಆ ಜಮೀನಿನ ಪರಿವರ್ತನೆ (ಕೃಷಿಯಿಂದ ಬೇರೆ ಬಳಕೆಗೆ) ತಾನಾಗೇ ನಿಲ್ಲಂಗಿಲ್ಲ. ಇಲ್ಲೇ ಭಾಳ ಮಂದಿ ಮೋಸ ಹೋಗ್ತಾರ. ಚಿಗರಿ ಫೋಟೋ ತಗೊಂಡು ಹೋಗಿ ಕೊಡ್ತಾರ, ಅಧಿಕಾರಿ ನೋಡಿ ಆಯ್ತು ಅಂತಾರ, ಮುಗೀತು.

ನೆಲ, ಕಾಲ, ಸಂಖ್ಯೆ ಮೂರೂ ಕೂಡಿದ ದಾಖಲೆ ಬೇಕು. ಹಿಂಗ ಮಾಡ್ರಿ:

ಬಯಲಿನ ಉದ್ದಕ್ಕ ಒಂದೇ ದಾರಿ ಗುರುತು ಮಾಡ್ಕೊಳ್ರಿ, 2 ಕಿ.ಮೀ. ಸಾಕು. ಸೂರ್ಯ ಹುಟ್ಟಿದ ಅರ್ಧ ತಾಸಿಗೆ ಶುರು ಮಾಡ್ರಿ, ಎರಡು ತಾಸಿನೊಳಗ ಮುಗಿಸ್ರಿ. ತಿಂಗಳಿಗೆ ಎರಡು ಸಲ, ಅದೇ ದಾರಿ, ಅದೇ ಹೊತ್ತು. ಹಿಂಡಿನ್ಯಾಗ ಗಂಡೆಷ್ಟು, ಹೆಣ್ಣೆಷ್ಟು, ಮರಿ ಎಷ್ಟು, ಬೇರೆಬೇರೆ ಬರೀರಿ. ಮರಿ ಇದ್ರ ಅದು ಹಾದುಹೋಗೋ ಜಾಗ ಅಲ್ಲ, ಸಂತಾನದ ಜಾಗ ಅಂತ ತೋರಿಸ್ಲಿಕ್ಕೆ ಬರ್ತದ. ಗಂಡು ಚಿಗರಿ ಒಂದೇ ಕಡೆ ಹಿಕ್ಕಿ ಹಾಕ್ತದ, ಆ ಗುಡ್ಡಿಗಳ ಅಕ್ಷಾಂಶ ರೇಖಾಂಶ ತಗೊಳ್ರಿ. ನವೆಂಬರದಿಂದ ಫೆಬ್ರವರಿತನ ಸಂಜಿಮುಂದ ನಿಂತು ನೋಡ್ರಿ. ಚಳಿಗಾಲಕ್ಕ ಹೊರದೇಶದಿಂದ ಬರೋ ಹ್ಯಾರಿಯರ್ ಹದ್ದುಗಳು ಉದ್ದ ಹುಲ್ಲಿನ್ಯಾಗ ನೆಲದ ಮ್ಯಾಲೇ ರಾತ್ರಿ ಕಳೀತಾವ. ಹುಲ್ಲು ನಾಲ್ಕು ಇಂಚಿಗೆ ಕತ್ತರಿಸಿದ್ರ ಅವು ಆ ಜಾಗ ಬಿಟ್ಟೇ ಹೋಗ್ತಾವ.

ಫೋಟೋ ವಾಟ್ಸಾಪಿನ್ಯಾಗ ಸುಮ್ನ ಕಳಿಸಿದ್ರ ಸ್ಥಳದ ಮಾಹಿತಿ ಅಳಿಸಿ ಹೋಗ್ತದ. ಡಾಕ್ಯುಮೆಂಟ್ ಅಂತ ಕಳಿಸ್ರಿ, ಇಲ್ಲಾ ಪೆನ್‌ಡ್ರೈವಿನ್ಯಾಗ ಕೊಡ್ರಿ.

ನೌಕರಿ_ಬೇಕು
ಗಾಲ್ಫ್ ಕೋರ್ಸೂ ಹುಲ್ಲೇ ಅಲ್ಲೇನ್ರಿ? ಚಿಗರಿಗೆ ಬ್ಯಾಸಿಗಿಯೊಳಗೂ ಹಸಿ ಮೇವು ಸಿಗ್ತದಲ್ಲ.

ಹುಲ್ಲುಬಯಲು
ಸಿಗ್ತದ, ತೊಂದರೆ ಶುರುವಾಗೋದೂ ಅಲ್ಲಿಂದೇ. ಗಾಲ್ಫಿನ ಹುಲ್ಲು ಅಂದ್ರ ಕರಿಕಿ ಜಾತಿಯ ಒಂದೇ ತಳಿ, ಹಾಸಿಗಿಯಂಗ ಬೆಳೆಸಿದ್ದು. ಬೇರಿಗೆ ಗೊಣ್ಣೆಹುಳ ಬಿದ್ರ ಔಷಧ ಹೊಡೀತಾರ, ಚಿಗರಿ ಅದನ್ನೇ ಮೇಯ್ತಾವ. ಮ್ಯಾಲೆ ಗ್ರೀನಿನ (ಹೋಲಿನ ಸುತ್ತಲಿನ ಗಿಡ್ಡ ಹುಲ್ಲಿನ ಜಾಗ) ಮ್ಯಾಲೆ ಗೊರಸಿನ ಗುರುತು ಬಿದ್ರ ಓಡಿಸ್ಲಿಕ್ಕೆ ಕಾವಲುಗಾರರನ್ನ ಇಡ್ತಾರ. ಎಲ್ಲಕ್ಕಿಂತ ದೊಡ್ಡ ಕಂಟಕ ನಾಯಿ. ರೆಸಾರ್ಟಿನ ಅಡುಗಿಮನಿ ಕಸ ಬಯಲಿಗೆ ಬಿದ್ರ ಬೀದಿನಾಯಿ ಗುಂಪು ಕಟ್ತಾವ, ಹುಲ್ಲಿನ್ಯಾಗ ಅಡಗಿಸಿಟ್ಟ ಮರಿ ಒಂದೂ ಉಳಿಯಂಗಿಲ್ಲ. ಜಾಳಿಗಿ ಬೇಲಿ ಹಾಕಿದ್ರಂತೂ ಹಿಂಡು ಎರಡಾಗಿ ಒಡೀತದ. ಚಿಗರಿ ಎತ್ತರಕ್ಕ ಹಾರ್ತದ ಖರೇ, ಆದ್ರ ಬೇಲಿ ಕಂಡ್ರ ಮೊದಲು ಕೆಳಗ ನುಸುಳಲಿಕ್ಕೇ ನೋಡ್ತದ. ಬೇಲಿ ಬೇಕೇಬೇಕು ಅಂದ್ರ ಕೆಳಗಿನ ತಂತಿ ಮುಳ್ಳಿಲ್ಲದ್ದು ಇರಬೇಕು, ನೆಲದಿಂದ 45 ಸೆಂ.ಮೀ. ಮ್ಯಾಲೆ.

ಬೋರು_ಲೆಕ್ಕ
ಬಾವಿ ವಿಷಯಕ್ಕೆ ಬರ್ತೀನಿ. ನನ್ನ ಪ್ರಕಾರ ಈ ಚರ್ಚೆಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ, ಕಾನೂನಿನಲ್ಲಿ ಅದಕ್ಕೇ ಎಲ್ಲಕ್ಕಿಂತ ಕಡಿಮೆ ರಕ್ಷಣೆ.

ಬೀದರ್ ಪ್ರಸ್ಥಭೂಮಿ ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಪದರ, ಕೆಳಗೆ ಕಪ್ಪು ಬಸಾಲ್ಟ್ ಬಂಡೆ. ಜಂಬಿಟ್ಟಿಗೆ ತೂತುತೂತು, ಮಳೆನೀರು ಕುಡೀತದೆ. ಕೆಳಗೆ ಜೇಡಿ ಮತ್ತು ಬಂಡೆ ತಡೀತದೆ. ಆ ಎರಡರ ಸಂದಿಯಲ್ಲಿ ನೀರು ನಿಂತು ನಿಧಾನಕ್ಕೆ ಇಳಿಜಾರಿಗೆ ಜಿನುಗ್ತದೆ. ಬಹಮನಿಗಳ ಕಾಲದಲ್ಲಿ ಸುರಂಗ ತೋಡಿದವರು ಹಿಡಿದದ್ದು ಈ ನೀರನ್ನೇ. ಮೇಲೆ ತಾಯಿಬಾವಿ, ಅಲ್ಲಿಂದ ಬಹಳ ಸಣ್ಣ ಇಳಿಜಾರಿನಲ್ಲಿ ಸುರಂಗ, ನಡುನಡುವೆ ಗಾಳಿಬಾವಿಗಳು. ನೌಬಾದಿನ ಕರೇಜು (ಇಂಥ ಸುರಂಗ ಬಾವಿ ಸಾಲು) ಎರಡು ಕಿ.ಮೀ.ಗೂ ಉದ್ದ, ಗಾಳಿಬಾವಿ ಇಪ್ಪತ್ತರ ಆಸುಪಾಸು. ಬೀದರಿನಲ್ಲೇ ಶುಕ್ಲತೀರ್ಥ, ಜಮ್ನಾ ಮೋರಿ ಅಂತ ಇನ್ನೂ ಇದ್ದಾವೆ. 2020ರಲ್ಲಿ ದಖ್ಖನದ ಹಳೆ ನೀರಿನ ವ್ಯವಸ್ಥೆಗಳನ್ನ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಅನ್ನೋ ಅಪಾಯದಲ್ಲಿರೋ ಸ್ಮಾರಕಗಳ ಜಾಗತಿಕ ಪಟ್ಟಿಗೆ ಸೇರಿಸಿದ್ದು ಇಂಥವುಗಳ ಕಾರಣಕ್ಕೇ.

ಈಗ ಗಾಲ್ಫಿನ ಲೆಕ್ಕ. 140 ಎಕರೆಯಲ್ಲಿ 60 ಎಕರೆಗೆ ನೀರು ಹಾಯಿಸೋ ಹುಲ್ಲು ಅಂತಿಟ್ಕೊಳ್ಳಿ, ಅಂದ್ರೆ 24 ಹೆಕ್ಟೇರ್. ನಮ್ಮ ಬೇಸಿಗೆಗೆ ದಿನಕ್ಕೆ 5 ಮಿ.ಮೀ.ಗಿಂತ ಕಡಿಮೆ ನೀರು ಸಾಲಲ್ಲ. 1 ಹೆಕ್ಟೇರಿಗೆ 1 ಮಿ.ಮೀ. ಅಂದ್ರೆ 10,000 ಲೀಟರ್. ಗುಣಿಸಿದ್ರೆ ದಿನಕ್ಕೆ 12 ಲಕ್ಷ ಲೀಟರ್. ಗಂಟೆಗೆ 5,000 ಲೀಟರ್ ಕೊಡೋ ಬೋರನ್ನ 8 ತಾಸು ಓಡಿಸಿದ್ರೆ 40,000. ಅಂಥ 30 ಬೋರು ಬೇಕು.

ಶುದ್ಧೀಕರಿಸಿದ ಕೊಳಚೆ ನೀರು ಬಳಸ್ತೀವಿ ಅಂತ ಎಲ್ಲಾ ಯೋಜನೆಯಲ್ಲೂ ಬರೀತಾರೆ. ಅದನ್ನೂ ಗುಣಿಸಿ ನೋಡಿ. ರೆಸಾರ್ಟು, ವಿಲ್ಲಾ ಸೇರಿ 500 ಜನ, ತಲೆಗೆ 135 ಲೀಟರ್, ಅದರಲ್ಲಿ ನೂರಕ್ಕೆ 80 ಭಾಗ ವಾಪಸ್ ಬಂತು ಅಂದ್ರೆ 54,000 ಲೀಟರ್. ಬೇಕಾಗಿರೋದರ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಮಿಕ್ಕಿದ್ದು ಎಲ್ಲಿಂದ ಅಂತ ಕೇಳಿ, ಬರಹದಲ್ಲಿ ಉತ್ತರ ತಗೊಳ್ಳಿ.

ಇನ್ನೊಂದು ಅಪಾಯ ಯಾರ ಕಣ್ಣಿಗೂ ಬೀಳಲ್ಲ. ಬೋರನ್ನ ಜಂಬಿಟ್ಟಿಗೆ ದಾಟಿಸಿ ಬಸಾಲ್ಟಿಗೆ ಇಳಿಸ್ತಾರೆ. ಕೇಸಿಂಗ್ ಪೈಪು ಗಟ್ಟಿ ಬಂಡೆಯಲ್ಲಿ ಕೂರದಿದ್ರೆ, ಸುತ್ತ ಸಿಮೆಂಟ್ ತುಂಬದಿದ್ರೆ, ಮೇಲಿನ ಪದರದ ನೀರು ಪೈಪಿನ ಹೊರಮೈ ಹಿಡಿದು ಕೆಳಗಿನ ಬಿರುಕಿಗೆ ಸೋರಿಹೋಗ್ತದೆ. ಮೋಟಾರ್ ಹಾಕದ, ಫೇಲಾದ ಬೋರೂ ಸುರಂಗವನ್ನ ಒಣಗಿಸೋದು ಹೀಗೇ. ಅದು ಗಾಳಿಬಾವಿಯಿಂದ 300 ಮೀಟರ್ ಅಲ್ಲ, ಇನ್ನೂ ದೂರದಲ್ಲಿದ್ರೂ ಸರಿ.

ಸರ್ವೆ_ಕಲ್ಲು
ಇದನ್ನ ಒಪ್ತೀನಿ. ಮೀಟರಿನ ಗೆರೆ ಕಟ್ಟಡಕ್ಕೆ ಮಾಡಿದ್ದು, ನೀರಿನ ಜಾಡಿಗೆ ಅಲ್ಲ. ಆಕ್ಷೇಪಣೆ ಬರೆಯುವಾಗ ಗುಮ್ಮಟದ ಸುತ್ತ ವೃತ್ತ ಹಾಕಿ ಕೈಬಿಡಬೇಡಿ. ಗಾಳಿಬಾವಿಗಳ ಮೇಲ್ಭಾಗದ ಜಲಾನಯನ ಪೂರ್ತಿ ನಕಾಶೆಯಲ್ಲಿ ತೋರಿಸಿ.

ಗಾರೆ_ಸುಣ್ಣ
ಗುಮ್ಮಟಕ್ಕೂ ನೀರಿಂದೇ ಕುತ್ತು, ಅದನ್ನ ಯಾರೂ ಹೇಳ್ಲಿಲ್ಲ. ಕೋರ್ಸಿನ ಸ್ಪ್ರಿಂಕ್ಲರ್ 15ರಿಂದ 25 ಮೀಟರ್ ದೂರ ಎರಚ್ತದೆ. ಗಾಳಿ ಬಂದ್ರೆ ಇನ್ನೂ ಮುಂದೆ. ಬೋರಿನ ನೀರಲ್ಲಿ ಉಪ್ಪಿರ್ತದೆ. ಬುನಾದಿಯ ಮಣ್ಣು ಸದಾ ಹಸಿಯಾಗಿದ್ರೆ ಜಂಬಿಟ್ಟಿಗೆ ಕಲ್ಲು ಆ ನೀರನ್ನ ಮೇಲಕ್ಕೆ ಎಳ್ಕೊಳ್ತದೆ. ನೀರು ಗೋಡೆಯ ಮೈಯಿಂದ ಆರಿಹೋಗ್ತದೆ, ಉಪ್ಪು ಗಾರೆಯ ಹಿಂದೆ ಹರಳುಗಟ್ತದೆ. ಮೊದಲು ಬಿಳಿ ಪುಡಿ, ಆಮೇಲೆ ಗಾರೆ ಉಬ್ಬೋದು, ಆಮೇಲೆ ಹಪ್ಪಳ ಹಪ್ಪಳವಾಗಿ ಉದುರೋದು. ನೆಲದಿಂದ ಒಂದು, ಒಂದೂವರೆ ಮೀಟರ್ ಎತ್ತರದಲ್ಲಿ ಪಟ್ಟಿ ಕಟ್ಟಿದ ಹಾಗೆ ಹಾಳಾಗಿರ್ತದೆ, ನೋಡಿದಕೂಡ್ಲೆ ಗೊತ್ತಾಗ್ತದೆ.

ಅಷ್ಟೂರಿನಲ್ಲಿ ಅಹ್ಮದ್ ಶಾ ವಲಿ ಗುಮ್ಮಟದ ಒಳಗಿನ ಬಣ್ಣದ ಚಿತ್ತಾರ ನೋಡಿದವರಿಗೆ ಗೊತ್ತು, ಸುಮಾರು ಆರುನೂರು ವರ್ಷದ ಬಣ್ಣ ಸುಣ್ಣದ ತೆಳು ಪದರದ ಮೇಲೆ ಕೂತಿದೆ. ಪಕ್ಕದಲ್ಲಿ ಲಾನ್ ಹಾಕಿ ವರ್ಷವಿಡೀ ನೀರು ಬಿಟ್ರೆ ಅಂಥ ಪದರಕ್ಕೆ ಆಯುಷ್ಯ ಇಲ್ಲ. ಉದುರಿದ ಮೇಲೆ ಸಿಮೆಂಟ್ ಮೆತ್ತಿದ್ರೆ ಇನ್ನೂ ಕೆಡ್ತದೆ. ನೀರು ಹೊರಬರೋ ದಾರಿ ಮುಚ್ಚಿ ತೇವ ಇನ್ನೂ ಮೇಲೇರ್ತದೆ.

ಗುಮ್ಮಟದ ಸುತ್ತ ಕಡಿಮೆ ಅಂದ್ರೂ 50 ಮೀಟರ್ ನೀರಾವರಿಯೇ ಇಲ್ಲದ ಒಣ ಪಟ್ಟಿ ಕೇಳಿ. ಇಳಿಜಾರಿನ ಮೇಲ್ಭಾಗದಲ್ಲಿ ಅದು ಇನ್ನೂ ಅಗಲ ಇರಬೇಕು. ಮಣ್ಣು ಕೂರಿಸೋಕೆ ವೈಬ್ರೇಟರ್ ರೋಲರ್ ಆ ಪಟ್ಟಿಯ ಹತ್ತಿರ ಬರಬಾರದು, ಕಂಪನ ಬಂದ್ ಮಾಡಿ ಬರೀ ತೂಕದಲ್ಲಿ ಓಡಿಸಬೇಕು. ಕೆಲಸ ಶುರುವಾಗೋ ಮೊದಲೇ ಗೋಡೆಯ ಪ್ರತಿ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದಿಡಿ. ಬಿರುಕು ಅಲುಗಿದ್ರೆ ಗಾಜು ಸೀಳ್ತದೆ, ಅದೇ ಸಾಕ್ಷಿ.

ಟರ್ಫ್_ಮೇಸ್ತ್ರಿ
ಗಾಲ್ಫ್ ಕೋರ್ಸಿನ ಕಡೆಯಿಂದ ನಾಲ್ಕು ಮಾತು. ಎಲ್ಲಾ ಕೋರ್ಸೂ ಒಂದೇ ಥರ ಅಲ್ಲ. ಗ್ರೀನು, ಟೀ (ಮೊದಲ ಹೊಡೆತದ ಜಾಗ), ಫೇರ್‌ವೇ (ಟೀಯಿಂದ ಗ್ರೀನಿನ ತನಕದ ಹುಲ್ಲಿನ ಪಟ್ಟಿ) ಬಿಟ್ಟರೆ ಮಿಕ್ಕ ನೆಲದಲ್ಲಿ ಸ್ಥಳೀಯ ಹುಲ್ಲನ್ನೇ ಉಳಿಸಬಹುದು. 9 ಹೋಲ್ ಮಾಡಿದ್ರೆ ನೀರು ಅರ್ಧಕ್ಕಿಳೀತದೆ. ಹಾಗಂತ ಗ್ರೀನುಗಳ ಅಪಾಯ ಸಣ್ಣದಲ್ಲ. ಒಂದೊಂದೂ 500–600 ಚ.ಮೀ. ಇರ್ತದೆ. ಕೆಳಗೆ ಡ್ರೇನ್ ಪೈಪು, ಅದರ ಮೇಲೆ 10 ಸೆಂ.ಮೀ. ಜಲ್ಲಿ, ಅದರ ಮೇಲೆ 30 ಸೆಂ.ಮೀ. ಮರಳು ಮಿಶ್ರಣ. ಮರಳಾದ್ದರಿಂದ ಹಾಕಿದ ಸಾರಜನಕ ಗೊಬ್ಬರ ನಿಲ್ಲಲ್ಲ, ನೇರ ಡ್ರೇನಿಗೆ ಇಳೀತದೆ. ಆ ಡ್ರೇನ್ ಎಲ್ಲಿ ಬಾಯಿ ಬಿಡ್ತದೆ ಅಂತ ನಕಾಶೆಯಲ್ಲಿ ತೋರಿಸೋಕೆ ಹೇಳಿ. ಗಾಳಿಬಾವಿ ಕಡೆಗೆ ಇದ್ರೆ ಒಪ್ಪಲೇಬೇಡಿ. ಎಲ್ಲಾ ಡ್ರೇನೂ ತಳಕ್ಕೆ ಹಾಳೆ ಹಾಸಿದ ಹೊಂಡಕ್ಕೇ ಸೇರಬೇಕು.

ಚೆಂಡಿನ ವಿಷಯವೂ ಇದೆ. 46 ಗ್ರಾಂಗೆ ಒಂಚೂರು ಕಡಿಮೆ ತೂಕ, ಹೊಡೆಯೋ ಕೋಲಿನಿಂದ ಹೊರಡುವಾಗ ಗಂಟೆಗೆ 200 ಕಿ.ಮೀ. ದಾಟ್ತದೆ. ಬಲಗೈ ಆಟಗಾರರೇ ಜಾಸ್ತಿ, ಅವರ ತಪ್ಪಿದ ಹೊಡೆತ ಹೆಚ್ಚಾಗಿ ಬಲಕ್ಕೇ ತಿರುಗ್ತದೆ. ಆದ್ದರಿಂದ ಗುಮ್ಮಟ ಯಾವ ಫೇರ್‌ವೇಯ ಬಲಗಡೆಗೂ ಬರಬಾರದು.

ಸರ್ವೆ_ಕಲ್ಲು
ಬಲೆ ಕಟ್ತೀವಿ ಅಂತಾರೆ. ಬಲೆಯ ಕಂಬಕ್ಕೆ ಬುನಾದಿ ತೋಡಬೇಕು, ಅದು ನಿರ್ಮಾಣವೇ.

ನೌಕರಿ_ಬೇಕು
ಹಂಗಾದ್ರ ಹುಲ್ಲು ಹಾಸೋದು ನಿರ್ಮಾಣ ಅಲ್ಲಲ್ಲ? ಕಾಯ್ದೆ ಕಟ್ಟಡದ ಬಗ್ಗೆ ಅದ ಅಂತ ನೀವೇ ಹೇಳಿದ್ರಿ.

ಸರ್ವೆ_ಕಲ್ಲು
ಒಳ್ಳೇ ಪ್ರಶ್ನೆ, ನಿಜವಾದ ಸಂದು ಇರೋದು ಅಲ್ಲೇ. ಕಾಯ್ದೆಯ ವ್ಯಾಖ್ಯೆಯಲ್ಲಿ ನಿರ್ಮಾಣ ಅಂದ್ರೆ ಕಟ್ಟಡ ಅಥವಾ ರಚನೆ ಎಬ್ಬಿಸೋದು. ಬರೀ ಹುಲ್ಲು ಹಾಸಿದ್ರೆ ಅಲ್ಲ ಅಂತ ವಾದ ಮಾಡ್ತಾರೆ. ಆದರೆ ಗ್ರೀನು ಅಂದ್ರೆ ಪೈಪು, ಜಲ್ಲಿ, ಮರಳು ಅಂತ ಈಗಷ್ಟೇ ಮೇಸ್ತ್ರಿ ಹೇಳಿದ್ರಲ್ಲ, ಪಂಪ್‌ಹೌಸು, ಗಾಡಿ ದಾರಿ, ದೀಪದ ಕಂಬ ಬೇರೆ. ಒಂದೊಂದನ್ನೂ ಹೆಸರಿಸಿ ಬರೀರಿ. "ಗಾಲ್ಫ್ ಕೋರ್ಸ್" ಅಂತ ಒಂದೇ ಪದ ಬರೆದ್ರೆ ಅವರಿಗೆ ಅನುಕೂಲ.

ಕಾಗಿಣಾ_ಹೊಳಿ
ಗೋಲ್ಕೊಂಡದ ನಯಾ ಕಿಲಾದಾಗ ಕೋಟೆಗೋಡೆ ಒಳಗೇ ಗಾಲ್ಫ್ ಅದ. ವರ್ಷಗಟ್ಲೆ ತಕರಾರು ನಡದದ. ನಮಗ ಹತ್ರದ ಪಾಠ ಅದೇ.

ಟರ್ಫ್_ಮೇಸ್ತ್ರಿ
ಅಮೆರಿಕದ ಓಹಾಯೋದಲ್ಲಿ ಉಲ್ಟಾ ಉದಾಹರಣೆ ಇದೆ. ನ್ಯೂವರ್ಕ್‌ನಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯ ಎಂಟು ಮೂಲೆಯ ಮಣ್ಣಿನ ದಿಬ್ಬಗಳ ಮೇಲೆ 1910ರಿಂದ ಗಾಲ್ಫ್ ಕ್ಲಬ್ ಇತ್ತು. ಸುತ್ತ ಊರು ಬೆಳೆದು ಬೇರೆ ದಿಬ್ಬ ಎಷ್ಟೋ ಹೋದವು, ಕ್ಲಬ್ಬಿನೊಳಗಿನವು ಉಳಿದವು. 2023ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದವು. ಪ್ಲಾಟು, ಕ್ವಾರಿಗಿಂತ ಗಾಲ್ಫ್ ವಾಸಿ ಅನ್ನೋ ಮಾತನ್ನ ಪೂರ್ತಿ ತಳ್ಳಿಹಾಕೋಕಾಗಲ್ಲ.

ಗಾರೆ_ಸುಣ್ಣ
ಅರ್ಧ ಹೇಳಿದ್ರಿ. ಜನರಿಗೆ ಒಳಗೆ ಹೋಗೋಕೆ ವರ್ಷದಲ್ಲಿ ಕೆಲವೇ ದಿನ ಬಿಡ್ತಿದ್ರು. ಜಾಗ ವಾಪಸ್ ಪಡೆಯೋಕೆ ಓಹಾಯೋ ರಾಜ್ಯದ ಸುಪ್ರೀಂ ಕೋರ್ಟ್ ತನಕ ಹೋಗಬೇಕಾಯ್ತು, 2022ರ ಡಿಸೆಂಬರಿನಲ್ಲಿ ತೀರ್ಪು ಬಂತು, 2025ರ ಜನವರಿಯಲ್ಲಿ ಜನರಿಗೆ ಪೂರ್ತಿ ತೆರೀತು. ಸ್ಕಾಟ್ಲೆಂಡಿನ ಫೋವರನ್ ಮರಳುದಿಬ್ಬಗಳದ್ದು ಇನ್ನೊಂದು ದಾರಿ. ವಿಶೇಷ ರಕ್ಷಣೆ ಇದ್ದ ಜಾಗ, 2012ರಲ್ಲಿ ಗಾಲ್ಫ್ ಶುರುವಾಯ್ತು. ಗಾಳಿಗೆ ಸರಿದಾಡ್ತಿದ್ದ ದಿಬ್ಬವನ್ನ ಹುಲ್ಲು ಹಾಕಿ ನಿಲ್ಲಿಸಿದ್ರು. ವಿಶೇಷ ಗುಣವೇ ಹೋಯ್ತು ಅಂತ 2020ರಲ್ಲಿ ಆ ರಕ್ಷಣೆಯನ್ನೇ ತೆಗೆದ್ರು. ಹಾಳು ಮಾಡಿದ್ದಕ್ಕೆ ಶಿಕ್ಷೆಯಾಗಿ ರಕ್ಷಣೆ ಬಿಗಿಯಾಗಲಿಲ್ಲ, ಇಲ್ಲವಾಯ್ತು.

ಹುಣಸಗಿ_ಕಲ್ಲು
ಯಾದಗಿರಿ ಕಡೆಯಿಂದ ಒಂದು ಮಾತು. ಎಲ್ಲರೂ ಗುಮ್ಮಟ, ಗೋಡೆ ಅಂತೀರಿ. ನಮ್ಮ ಹುಣಸಗಿ ಹತ್ರ ಇಸಾಂಪುರದಾಗ ಸಿಕ್ಕಿದ್ದು ಕೈಗೊಡಲಿ ಮಾಡೋ ಕಲ್ಲಿನ ಕಾರ್ಖಾನಿ, ಸುಮಾರು 12 ಲಕ್ಷ ವರ್ಷ ಹಳೇದು. ಮ್ಯಾಲೆ ನಿಂತು ನೋಡಿದ್ರ ಬರೀ ಸುಣ್ಣಕಲ್ಲು ಹರವಿದಂಗ ಕಾಣ್ತದ. ಜೆಸಿಬಿ ಒಂದಡಿ ಕೆರದ್ರ ಮುಗೀತು. ಕಾಲುವೆ ನೀರು ಬಂದಮ್ಯಾಲೆ ನೆಲ ಸಮ ಮಾಡೋದ್ರಾಗ ಹಿಂಗ ಎಷ್ಟೋ ಜಾಗ ಹೋಗ್ಯಾವ. ಸನ್ನತಿಯೊಳಗ ನೋಡ್ರಿ, 1986ರಾಗ ಗುಡಿ ಚಾವಣಿ ಬಿದ್ದಾಗ ಕಾಳಿ ಮೂರ್ತಿಯ ಪೀಠದ ಕಲ್ಲಿನ ಮ್ಯಾಲೆ ಅಶೋಕನ ಶಾಸನ ಅದ ಅಂತ ತಿಳೀತು. ನಿಮ್ಮ 140 ಎಕರೆಯೊಳಗೂ ಮಣ್ಣು ಅಗೆಯೋಕಿಂತ ಮೊದಲು ಸಾಲು ಹಿಡಿದು ನಡಕೋತ ಮೇಲ್ಮೈ ಪರೀಕ್ಷೆ ಆಗಬೇಕು ಅಂತ ಕೇಳ್ರಿ. ಇಬ್ಬರ ನಡುವೆ 10 ಮೀಟರ್ ಬಿಟ್ಟು ನಡೀಬೇಕು. ಏನು ಕಂಡ್ರೂ ಎತ್ತಬ್ಯಾಡ್ರಿ. ಇದ್ದಲ್ಲೇ ಅಳತೆಪಟ್ಟಿ ಇಟ್ಟು ಫೋಟೋ ತಗೀರಿ.

ಮಾಂಜ್ರಾ_ದಂಡಿ
ಎಲ್ಲರಿಗೂ ಶರಣು. ಪಹಣಿ ನೋಡ್ದೆ: ಬಾವಿ ಇರೋ ಸರ್ವೆ ನಂಬರಿನ್ಯಾಗ 1 ಎಕರೆ 12 ಗುಂಟೆ ಬಿ ಖರಾಬು ಅದ. ಗುಮ್ಮಟ ಎರಡೂ ಪಟ್ಟಿಯೊಳಗ ಸಿಗ್ಲಿಲ್ಲ. ಸಾರ್ವಜನಿಕ ಅಹವಾಲು ಸಭೆ ಕರೀತಾರಲ್ಲ, ಅಲ್ಲೇ ಎಲ್ಲಾ ಹೇಳಿದ್ರ ಆಯ್ತೇನು?

ಸರ್ವೆ_ಕಲ್ಲು
ಆ ಸಭೆ ಬರಲ್ಲ! ಇದನ್ನ ದಯವಿಟ್ಟು ಊರಲ್ಲಿ ಎಲ್ಲರಿಗೂ ಹೇಳಿ. 2006ರ ಪರಿಸರ ಅಧಿಸೂಚನೆಯಲ್ಲಿ ಕಟ್ಟಡ ಮತ್ತು ಟೌನ್‌ಶಿಪ್ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಇದೆ. ಅನುಮತಿ ಮಾತ್ರ ಬೇಕು: ಕಟ್ಟಡದ ವಿಸ್ತೀರ್ಣ 20,000 ಚ.ಮೀ. ದಾಟಿದ್ರೆ, ಅಥವಾ ಒಟ್ಟು ಜಾಗ 50 ಹೆಕ್ಟೇರ್ ಮುಟ್ಟಿದ್ರೆ. 140 ಎಕರೆ ಅಂದ್ರೆ 56 ಹೆಕ್ಟೇರಿಗೂ ಜಾಸ್ತಿ. ಆದ್ದರಿಂದ ಎರಡು ಕಂಪನಿ ಹೆಸರಲ್ಲಿ 70–70 ಎಕರೆ ತೋರಿಸೋ ಸಾಧ್ಯತೆ ಇದೆ. ಒಂದೇ ದಾರಿ, ಒಂದೇ ನೀರು, ಒಂದೇ ಜಾಹೀರಾತು ಅಂತ ತೋರಿಸೋ ಕಾಗದ ಈಗಲೇ ಕೂಡಿಡಿ. ಅರ್ಜಿ ಹಾಕಿದ್ರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಕಾಣ್ತದೆ, ಆಕ್ಷೇಪಣೆಯನ್ನ ರಾಜ್ಯ ಪರಿಸರ ಪ್ರಾಧಿಕಾರಕ್ಕೆ ಲಿಖಿತವಾಗಿ ಕಳಿಸಬೇಕು.

ಅದಕ್ಕಿಂತ ಮೊದಲಿನ ಬಾಗಿಲು ಭೂ ಪರಿವರ್ತನೆ, 1964ರ ಕಂದಾಯ ಕಾಯ್ದೆಯ 95ನೇ ಕಲಂ, ಜಿಲ್ಲಾಧಿಕಾರಿ ಕಚೇರಿ. ಅಲ್ಲೇ ಹಿಡೀಬೇಕು. ಒಮ್ಮೆ ಪರಿವರ್ತನೆ ಆದೇಶ ಬಂದ್ರೆ ಆಮೇಲೆ ಎಲ್ಲವೂ ಮೇಲ್ಮನವಿ, ವಕೀಲರ ಫೀಸು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಪರಿವರ್ತನೆ ಬಗ್ಗೆ ಒಂದು, ಬೋರಿನ ಅನುಮತಿ ಬಗ್ಗೆ ಒಂದು, ಖರಾಬಿನ ಬಗ್ಗೆ ಇನ್ನೊಂದು. ಎಲ್ಲಾ ಸೇರಿಸಿ ಬರೆದ್ರೆ ವಾಪಸ್ ಬರ್ತದೆ.

ಹುಲ್ಲುಬಯಲು
ಪಂಚಾಯ್ತಿಯೊಳಗ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, 2002ರ ಕಾಯ್ದೆ ಪ್ರಕಾರ. ಹುಲ್ಲು, ಚಿಗರಿ, ಮೇವಿನ ಲೆಕ್ಕ ಅವರ ಜನತಾ ಜೀವವೈವಿಧ್ಯ ದಾಖಲಾತಿಯೊಳಗ ಬರೆಸ್ರಿ. ಅದು ಸರ್ಕಾರಿ ಕಾಗದ, ನಿಮ್ಮ ಫೋಟೋಕ್ಕಿಂತ ತೂಕ ಜಾಸ್ತಿ.

ನೌಕರಿ_ಬೇಕು
ಬೋರಿನ ಲೆಕ್ಕ ನನಗೂ ಗೊತ್ತಿರ್ಲಿಲ್ಲ. 30 ಬೋರು ಅಂದ್ರ ನಮ್ಮ ಊರಿನ ಕುಡಿಯೋ ನೀರಿಗೂ ಬರ್ತದ ಕುತ್ತು. ಆದ್ರೂ ಕೆಲಸದ ಮಾತು ಬಿಡಂಗಿಲ್ಲ ನಾನು. ಗ್ರಾಮಸಭೆ ಠರಾವಿನ್ಯಾಗ ಬರೀ ಬ್ಯಾಡ ಅಂತ ಬರೀಬ್ಯಾಡ್ರಿ. 9 ಹೋಲು, ಎಷ್ಟು ಬೋರು, ಊರಿನವರಿಗೆ ಎಷ್ಟು ನೌಕರಿ, ಎಲ್ಲಾ ಬರೀರಿ.

ಬೋರು_ಲೆಕ್ಕ
ಅದು ನ್ಯಾಯವಾದ ಮಾತು. ಮಾಂಜ್ರಾ ಅವರೇ, ಠರಾವಿಗೆ ಬಾವಿಯ ಅಳತೆ ಸೇರಿಸಿ. ಬಾಯಿಯ ಅಂಚಿಗೆ ಒಂದು ಗುರುತು ಕೊರೆದು ಅಲ್ಲಿಂದಲೇ ಅಳೀರಿ. ಹಗ್ಗಕ್ಕೆ ಕಾಲು ಕೆ.ಜಿ. ತೂಕ ಕಟ್ಟಿ ಇಳಿಬಿಡಿ, ನೀರು ಮುಟ್ಟಿದ ಜಾಗ, ತಳ ಮುಟ್ಟಿದ ಜಾಗ ಎರಡೂ ಬರೀರಿ. ಮೇ ಕೊನೆಗೊಮ್ಮೆ, ನವೆಂಬರಿನಲ್ಲೊಮ್ಮೆ. ಅಳತೆ ಮಾಡುವಾಗ ಗ್ರಾಮ ಆಡಳಿತಾಧಿಕಾರಿಯನ್ನ ಕರೆದು ಪಂಚನಾಮೆ ಮಾಡಿಸಿ, ಸಹಿ ಹಾಕಿಸಿ. ಬೋರು ಕೊರೆಯೋ ಮೊದಲಿನ ಅಳತೆ ಇಲ್ಲದೆ ಮುಂದೆ ನೀರು ಇಳಿಯಿತು ಅಂತ ಎಲ್ಲೂ ಸಾಬೀತು ಮಾಡೋಕಾಗಲ್ಲ. ಮತ್ತೆ ಹುಡುಗರಿಗೆ ಖಡಾಖಂಡಿತ ಹೇಳಿ, ಯಾರೂ ಒಳಗೆ ಇಳಿಯಬಾರದು. ಹಳೆ ಗಾಳಿಬಾವಿ ತಳದಲ್ಲಿ ಕೆಟ್ಟ ಗಾಳಿ ನಿಂತಿರ್ತದೆ, ಎರಡು ನಿಮಿಷಕ್ಕೆ ಎಚ್ಚರ ತಪ್ತದೆ. ಕಾಪಾಡೋಕೆ ಇಳಿದವನೂ ಉಳಿಯಲ್ಲ.

ಮಾಂಜ್ರಾ_ದಂಡಿ
ಆಯ್ತ್ರಿ. ಸೋಮವಾರ ತಹಶೀಲಿಗೆ ಹೋಗಿ ಖಾಸ್ರಾ ನಕಲಿಗೆ ಅರ್ಜಿ ಹಾಕ್ತೀವಿ, ಸ್ವೀಕೃತಿ ಸಿಕ್ಕಮ್ಯಾಲೆ ಇಲ್ಲೇ ಹಾಕ್ತೀನಿ.